ನಾಲ್ಕು ಗಾಲಿ, ನಾಲ್ಕು ನಿಂಬೆಹಣ್ಣು

ನಿನ್ನೆ ಹೇಳಿದ ಹಾಗೇ ಆಯಿತು ಗೆಳೆಯರೇ, ಇಂಡಿ ತಾಲ್ಲೂಕಿನ ನಿಂಬೆಹಣ್ಣಿನ ಲಾರಿ ಇವತ್ತೂ ಶಹಾಪುರಕ್ಕೆ ಬರಲಿಲ್ಲ. ಬಿಸಿಲೇರಿದಂತೆ ಮಾಲು ಕಮ್ಮಿ. ಬಸುರಿ ಮಗಳು ಚಿತ್ರಾನ್ನ ಕೇಳಿದ್ದಾಳೆ. ಬಜಾರಿನಲ್ಲಿ ಉಳಿದಿದ್ದ ನಾಲ್ಕೇ ಹಣ್ಣನ್ನು ಒಬ್ಬ ಹುಡುಗ ತನ್ನ ಹೊಸ ಟ್ರ್ಯಾಕ್ಟರಿನ ಗಾಲಿ ಕೆಳಗಿಡಲು ಕೊಂಡಿದ್ದ.

"ತಮ್ಮಾ, ಸಪ್ಲೈ ಕಮ್ಮಿ ಆದಾಗ ಫಸ್ಟ್ ನೆಸೆಸಿಟಿ, ದೆನ್ ಲಕ್ಸುರಿ. ಗಾಲಿಗಿ ನೀರಡಿಕಿ ಆಗ್ತದೇನು?" ಎಂದೆ.

ಅವನು ನನ್ನ ಸ್ಕೂಟರಿನತ್ತ ಬೆರಳು ತೋರಿಸಿದ. "ಕಾಕಾ, ನಿಮ್ಮ ಗಾಡಿಗಿ ಕಟ್ಟಿದ್ದು ಏನ್ರಿ ಅದು?"

ತೀರಿಹೋದ ನನ್ನಾಕೆ ಪ್ರತಿ ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟುತ್ತಿದ್ದಳು; ಈಗ ನಾನು ಕಟ್ಟುತ್ತೇನೆ. ಎಕನಾಮಿಕ್ಸ್ ಬಿಟ್ಟು ಮಗಳ ವಿಷಯ ಹೇಳಿದೆ.

"ಮೊದಲೇ ಹೇಳಬೇಕಿಲ್ರಿ ಮತ್ತ? ಮುಂದಿನ ಗಾಲಿಗಿ ಎರಡು ಸಾಕು. ಹಿಂದಿನವು ಅದರ ಹಿಂದೇ ಬರ್ತಾವ" ಎಂದು ಎರಡು ಕೊಟ್ಟ.

ಬೆಳಕು ಹೋಗುತ್ತಿದೆ, ಹೊರಡುತ್ತೇನೆ. ಸ್ಕೂಟರಿಗೆ ಹೆಡ್‌ಲೈಟಿಲ್ಲ, ಹೋದ ಅಮಾವಾಸ್ಯೆಯ ಒಣ ನಿಂಬೆಹಣ್ಣನ್ನು ನಂಬಿಕೊಂಡೇ ನಮ್ಮೂರು ಸಗರ ಮುಟ್ಟಬೇಕು.