ಮುಂಬೈಯನ್ನು ಬಳುವಳಿಯಾಗಿ ತಂದ ರಾಣಿ

ಕಳೆದ ವಾರ ಮಗಳ ಶಾಲೆಯ ನಾಟಕಕ್ಕೆ ಮೀಸೆ ಅಂಟಿಸಿಕೊಡಲು ಹೋಗಿದ್ದೆ. ಪುಟ್ಟ ಸೀಸೆಯ ಮುಚ್ಚಳ ತೆಗೆದದ್ದೇ ಸ್ಪಿರಿಟ್ ಗಮ್ಮಿನ ಘಾಟು ಮೂಗಿಗೆ ಹೊಡೆಯಿತು. ಮಗಳು ಮುಖ ಚಾಚಿ ಕಾಯುತ್ತಲೇ ಇದ್ದಳು. ನಾನು ಮಾತ್ರ ಇಲ್ಫರ್ಡಿನ ಆ ಮನೆಯಲ್ಲಿದ್ದೆ, ಕಾಕುವಿನ ಎದುರು…

ಲಂಡನ್ನಿಗೆ ಬಂದ ಹೊಸತರಲ್ಲಿ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಧಾರವಾಡದವರು. ನನಗೆ ನೆಂಟರಲ್ಲ, ಆದರೂ ಎಲ್ಲರಂತೆ ನಾನೂ ಅವರ ಕಡೆಯ ರೂಢಿಯಂತೆ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ಕೌನ್ಸಿಲ್ ಲೈಬ್ರರಿಯಲ್ಲಿ ಕೆಲಸ, ಕೈಯಲ್ಲಿ ಸದಾ ಒಂದು ಪುಸ್ತಕ. ಅವರ ಗಂಡ, ನಮಗೆ ಕಾಕಾ, ಅಲ್ಲಿನ ಕನ್ನಡದವರ ಕೂಟದ ಅಧ್ಯಕ್ಷರು. ಎತ್ತರದ ಆಳು, ಗಂಟೆಯಂಥ ದನಿ. ಪ್ರತಿವರ್ಷದ ನಾಟಕದಲ್ಲಿ ರಾಜನ ಪಾತ್ರ ಅವರದೇ. ಕೂಟದಲ್ಲೇ ಇದ್ದ ಒಬ್ಬಾಕೆಯ ಜೊತೆ ಅವರಿಗೆ ಸಂಬಂಧವಿತ್ತು. ಮುಚ್ಚುಮರೆ ಏನೂ ಇರಲಿಲ್ಲ. ಹಬ್ಬಕ್ಕೆ ಆಕೆ ಮನೆಗೇ ಬರುತ್ತಿದ್ದಳು, ಕಾಕುವೇ ಬಡಿಸುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಆ ವರ್ಷದ ನಾಟಕವನ್ನು ತಾವೇ ಬರೆಯುವುದಾಗಿ ಕಾಕು ಹೇಳಿದರು. ಈ ಊರಿನಲ್ಲೇ ನಿಜವಾಗಿ ನಡೆದ ಹಳೆಯ ಕತೆ. ಅಪ್ಪನ ತಲೆ ಕಡಿದ ದೇಶಕ್ಕೆ ಮರಳಿ ಬಂದು ಸಿಂಹಾಸನ ಏರಿದ ರಾಜ. ಮುಚ್ಚಿಹೋಗಿದ್ದ ನಾಟಕಶಾಲೆಗಳ ಬಾಗಿಲು ತೆರೆಸಿದ, ಹೆಂಗಸರು ರಂಗ ಹತ್ತಲು ಬಿಟ್ಟ, ಹತ್ತಿದವರಲ್ಲಿ ಕೆಲವರನ್ನು ಅರಮನೆಗೂ ಕರೆಸಿಕೊಂಡ. ಹಾಸಿಗೆಯ ಮಾತೂ ರಾಜಕಾರಣದ ಮಾತೂ ಒಂದೇ ಕೋಣೆಯಲ್ಲಿ ನಡೆಯುತ್ತಿದ್ದ ಆಸ್ಥಾನ ಅದು. ಅಲ್ಲಿಗೆ ಪೋರ್ಚುಗಲ್ಲಿನಿಂದ ಮದುವಣಗಿತ್ತಿಯಾಗಿ ಬಂದಳು ರಾಣಿ, ನಮ್ಮ ಮುಂಬೈಯನ್ನು ಬಳುವಳಿಯಾಗಿ ತಂದವಳು. ರಾಜ ತನ್ನ ಪ್ರೇಯಸಿಯನ್ನೇ ಅವಳ ಸಖಿಯಾಗಿ ನೇಮಿಸುತ್ತೇನೆಂದು ಹಟ ಹಿಡಿದ. ತುಂಬಿದ ಸಭೆಗೆ ಕರೆತಂದು ಪರಿಚಯಿಸಿದ. ಬಂದವಳು ಯಾರೆಂದು ತಿಳಿದ ಕೂಡಲೇ ರಾಣಿಯ ಮೂಗಿನಿಂದ ರಕ್ತ ಸುರಿದು, ಅವಳು ಅಲ್ಲೇ ಕುಸಿದಳಂತೆ.

“ಫ್ಯಾಮಿಲಿಗಳು ಬರ್ತಾವೆ, ಮಕ್ಕಳ ಮುಂದೆ ಇದೆಲ್ಲ ಬೇಕಾ ಮೇಡಂ?” ಎಂದು ಸಮಿತಿಯವರು ಗೊಣಗಿದರು. ಅವರನ್ನು ಒಪ್ಪಿಸಿದ್ದು ಕಾಕಾನೇ. ಆ ಪಾತ್ರ ಅವರಿಗೆ ಅಷ್ಟು ಹಿಡಿಸಿತ್ತು. ಅದರಲ್ಲಿ ತಮ್ಮನ್ನು ಕಂಡರೋ ಇಲ್ಲವೋ… ನನಗೆ ಇವತ್ತಿಗೂ ತಿಳಿಯದು.

ಕಾಕು ರಾಣಿ. ಪ್ರೇಯಸಿಯ ಪಾತ್ರ ನನಗೆ ಬಂತು. ಪ್ರಾಕ್ಟೀಸಿನ ಮೊದಲ ದಿನ ನಾನು ಸಂಕೋಚದಿಂದ ತಲೆ ತಗ್ಗಿಸಿ ನಿಂತಿದ್ದೆ.

“ತಲಿ ಎತ್ತು ತಂಗಿ,” ಅಂದರು ಕಾಕು. “ಆಕಿ ಯಾಕ ನಾಚ್ಕೋಬೇಕು? ಕರ್ಕೊಂಡ ಬಂದಾವಗ ನಾಚಿಕಿಲ್ಲ.”

ಅಡುಗೆಮನೆಯಲ್ಲಿ ಕಾಕಾ ಫೋನು ಹಿಡಿದು ನಗುತ್ತಿದ್ದರು. ಕಾಕು ಆ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಯ ದೃಶ್ಯ ರಾಜನ ಸಾವು. ನಿಜದಲ್ಲಿ ರಾಣಿ ಆಗ ಹತ್ತಿರವಿರಲಿಲ್ಲವಂತೆ; ತನ್ನಿಂದ ತಪ್ಪಾಗಿದ್ದರೆ ಮನ್ನಿಸಿ ಎಂದು ಹೇಳಿಕಳಿಸಿದ್ದಳಂತೆ. ಮನ್ನಿಸು ಅನ್ನಬೇಕಾದವನು ನಾನಲ್ಲವೇ ಎಂದು ರಾಜ ಮರುಗಿದನಂತೆ. ಕಾಕು ರಾಣಿಯನ್ನು ಮಂಚದ ಪಕ್ಕದಲ್ಲೇ ಕೂರಿಸಿ, ಆ ಮಾತನ್ನು ರಾಜನ ಬಾಯಲ್ಲಿಟ್ಟಿದ್ದರು. ನಾಟಕವನ್ನೆಲ್ಲ ಆ ಒಂದು ಮಾತಿಗಾಗಿಯೇ ಬರೆದಿದ್ದರೆಂದು ನನಗೆ ಅನ್ನಿಸುತ್ತದೆ. ಪ್ರಾಕ್ಟೀಸಿನಲ್ಲಿ ಅಲ್ಲಿಗೆ ಬಂದಾಗಲೆಲ್ಲ ಕಾಕಾ, “ಅದು ಸ್ಟೇಜ್ ಮ್ಯಾಲೆ ಬರ್ತದ ಬಿಡು,” ಅಂದು ಎದ್ದುಬಿಡುತ್ತಿದ್ದರು.

ನಾಟಕದ ಮಧ್ಯಾಹ್ನ ಹಾಲ್ ತುಂಬಿತ್ತು. ಹಬ್ಬಕ್ಕೆ ಮನೆಗೆ ಬರುತ್ತಿದ್ದ ಆಕೆಯೂ ಮುಂದಿನ ಸಾಲಿನಲ್ಲಿ ಕೂತಿದ್ದಳು. ಸಭೆಯ ದೃಶ್ಯದಲ್ಲಿ ನಾನು ತಲೆ ಎತ್ತಿಯೇ ನಿಂತೆ. ಕಾಕು ಚಾಚಿದ ಕೈ ಹಿಡಿದರೆ ಮಂಜಿನಷ್ಟು ತಣ್ಣಗಿತ್ತು.

ಕೊನೆಯ ದೃಶ್ಯವನ್ನು ಪರದೆಯ ಮರೆಯಲ್ಲಿ ನಿಂತು ನೋಡಿದೆ. ಮಂಚದ ಮೇಲೆ ಕಾಕಾ, ಪಕ್ಕದಲ್ಲಿ ಕಾಕು. ಸಿಂಹಾಸನದ ಬಗ್ಗೆ, ದೇಶದ ಬಗ್ಗೆ ದೊಡ್ಡ ದನಿಯಲ್ಲಿ ಮಾತಾಡಿ ಕಾಕಾ ಕಣ್ಣು ಮುಚ್ಚಿದರು. ಆ ಮಾತು ಬರಲಿಲ್ಲ. ಕಾಕು ಬಾಗಿ, ಸಭಿಕರಿಗೆ ಕೇಳದಷ್ಟು ಮೆಲ್ಲಗೆ, “ಅನ್ರಿ…” ಅಂದರು. ಸ್ವಲ್ಪ ತಡೆದು ಇನ್ನೊಮ್ಮೆ, “ಅನ್ರಿ.” ಕಾಕಾ ಕಣ್ಣು ತೆರೆಯಲಿಲ್ಲ. ಪರದೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ.

“ಕಡೀ ಮಾತು ಯಾಕ ಬಿಟ್ರಿ?” ಕಾಕು ಗ್ರೀನ್ ರೂಮಿನಲ್ಲಿ ಕೇಳಿದರು.

“ರಾಜಾ ಅನ್ನಿಸ್ಕೊಂಡಾಂವ ಹೆಂಡ್ತಿ ಮುಂದ ತಪ್ಪಾತು ಅಂದ್ರ ಮಂದಿ ನಗ್ತಾರ,” ಎಂದು ಕಾಕಾ ಕನ್ನಡಿ ನೋಡುತ್ತ ಮೀಸೆ ಕಿತ್ತರು.

ಕಾಕು ರಾಜನ ನಿಲುವಂಗಿಯನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಹೊರಗೆ ಹೋದರು.

ಮುಂದಿನ ತಿಂಗಳು ಮನೆ ಬಿಟ್ಟರು. ಜಗಳವಿಲ್ಲ, ಕೂಗಾಟವಿಲ್ಲ. ಲಂಡನ್ನಿನ ಇನ್ನೊಂದು ತುದಿಯ ಗ್ರೀನ್‌ಫರ್ಡಿನಲ್ಲಿ ಒಂದು ಸಣ್ಣ ಫ್ಲಾಟ್ ಹಿಡಿದರು. ನಾನು ಕ್ರೋಯ್ಡನ್ನಿಗೆ ಬಂದ ಮೇಲೂ ಆಗಾಗ ಹೋಗಿಬರುತ್ತಿದ್ದೆ. ಗೋದಾಮುಗಳಲ್ಲಿ ದುಡಿಯುವ ಹೆಂಗಸರನ್ನು ಭಾನುವಾರ ಕೂಡಿಸಿ ನಾಟಕ ಓದಿಸುತ್ತಿದ್ದರು. ಅಷ್ಟು ಜೋರಾಗಿ ಅವರು ನಗುವುದನ್ನು ನಾನು ಇಲ್ಫರ್ಡಿನಲ್ಲಿ ಕೇಳಿರಲಿಲ್ಲ.

ಒಂದು ಸಲ ಚಹಾ ಸೋಸುತ್ತ ಅಂದರು: “ರಾಜಾ ಸತ್ತು ಎಷ್ಟೋ ವರ್ಷದ ಮ್ಯಾಲೆ ಆಕಿ ತನ್ನ ದೇಶಕ್ಕ ಹೋದ್ಲು, ಗೊತ್ತದ ಏನು? ಅಲ್ಲೆ ರಾಜ್ಯಾನೂ ಆಳಿದ್ಲು. ನಾ ಹುಚ್ಚಿ, ಅಂವ ಸತ್ತಲ್ಲೇ ನಾಟಕ ಮುಗಿಸಿಬಿಟ್ಟೆ. ಮುಂದಿಂದು ಬರೀತೀನಿ. ಈ ಸಲ ರಾಣಿ ನೀನ ಆಗಬೇಕು.”

ಬರೆಯಲಿಲ್ಲ. ಕಾಯಿಲೆ ಬಂತು, ಆಸ್ಪತ್ರೆ ಬಂತು. ಒಂದು ದಿನ ನಾನಿದ್ದಾಗಲೇ ಕಾಕಾ ಹೂವು ಹಿಡಿದು ಬಂದರು. ಕೂದಲೆಲ್ಲ ನೆರೆತಿತ್ತು. ಕಾಕು ಕುರ್ಚಿ ತೋರಿಸಿ, ಶುಗರ್ ಹೇಗಿದೆ, ಮಾತ್ರೆ ಸರಿಯಾಗಿ ತಗೋತೀರೋ ಎಂದು ಕೇಳಿದರು. ನಾನು ಎದ್ದು ಹೊರಗೆ ಹೋದೆ. ಅವರು ಹೋದ ಮೇಲೆ ಬಂದು, “ಕಾಕಾ ಏನಂದ್ರು, ಕಾಕು?” ಅಂದೆ.

“ಹೂವು ಚೊಲೊ ತಂದಾರ,” ಅಂದು ಕಾಕು ಗೋಡೆಯ ಕಡೆ ಮಗ್ಗುಲಾದರು.

ಆ ಚಳಿಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ಅಂತ್ಯಕ್ರಿಯೆಯಲ್ಲಿ ಕಾಕಾ ಕಾಕುವಿನ ಗುಣಗಾನ ಮಾಡಿದರು, ಸೊಗಸಾಗಿ. ಎಷ್ಟೋ ಜನ ಕಣ್ಣೊರೆಸಿಕೊಂಡರು. ಗ್ರೀನ್‌ಫರ್ಡಿನ ಹೆಂಗಸರು ಕೊನೆಯ ಸಾಲಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು…

ಮಗಳ ನಾಟಕ ಮುಗಿದ ಮೇಲೆ ಆ ಬಾಕಿ ಉಳಿದ ಅಂಕವನ್ನು ನಾನೇ ಬರೆಯಲು ಕೂತೆ. ಊರಿಗೆ ಹೊರಟು ನಿಂತ ರಾಣಿ ಬಾಯಿ ತೆರೆದರೆ ಬರುವುದು ನನ್ನ ಬೆಂಗಳೂರಿನ ಕನ್ನಡ. ಇದನ್ನು ನಿಮ್ಮ ಕಡೆ ಹೇಗೆ ಅಂತೀರಿ ಕಾಕು ಎಂದು ಕೇಳಲು ಕೈ ಫೋನಿನತ್ತ ಹೋಗುತ್ತದೆ. ಹೋಗಿ, ಅಲ್ಲೇ ನಿಲ್ಲುತ್ತದೆ.