ಏಳೂವರೆಯ ಬೀಗ

ಮೊನ್ನೆ ಬೆಳಗ್ಗೆ ಮಾದಾಪುರದಿಂದ ಮಡಿಕೇರಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಒಂದು ಪುಟ್ಟ ಹುಡುಗಿ ಬಂದು ಕೂತಳು. ಕೂತವಳೇ ನನ್ನ ತೋಳಿಗೆ ಒರಗಿ ನಿದ್ದೆಹೋದಳು. ಅವಳ ಸ್ವೆಟರಿನಿಂದ ಸೌದೆ ಒಲೆಯ ಹೊಗೆವಾಸನೆ ಬರುತ್ತಿತ್ತು. ಎಸ್ಟೇಟಿನ ಕೂಲಿಯವರ ಲೈನುಮನೆಗಳಲ್ಲಿ ಬಟ್ಟೆ ಒಲೆಯ ಮೇಲೇ ಒಣಗಬೇಕಲ್ಲ, ಅದರ ವಾಸನೆ. ನನಗೆ ಆ ವಾಸನೆ ಬಹಳ ಹಳೆಯ ಪರಿಚಯ.

ಸ್ವೆಟರಿನ ಕೆಳಗೆ ನಮ್ಮೂರ ಸರ್ಕಾರಿ ಶಾಲೆಯ ನೀಲಿ ಲಂಗ. ಪಕ್ಕದಲ್ಲಿ ನಿಂತಿದ್ದ ಅವಳ ಅಮ್ಮನನ್ನು ಕೇಳಿದೆ, “ಇವತ್ತು ಸ್ಕೂಲ್ ಇಲ್ವೇನಮ್ಮ?”

“ಇದೆ ಸಾರ್. ಬಾಗ್ಲು ತೆಗ್ಯೋದು ಒಂಬತ್ತೂವರೆಗೆ. ನಾನು ಏಳೂವರೆಗೇ ಕಾಫಿ ಪಿಕ್ಕಿಂಗಿಗೆ ಹೋಗ್ಬೇಕಲ್ಲ. ಇವತ್ತು ಎಸ್ಟೇಟಿನ ಜೀಪೂ ತಪ್ಪೋಯ್ತು.”

“ಬೆಳಗ್ಗೆ ಬೇಗ ಬಂದು ಬಾಗ್ಲು ತೆಗೀತಿದ್ದ ಲಲಿತಕ್ಕ ಎಲ್ಲಿ?”

“ಈ ವರ್ಷದಿಂದ ಅವ್ರಿಲ್ಲ ಸಾರ್. ನಿಲ್ಸಿಬಿಟ್ರು.”

ನನಗೆ ಮೈ ಉರಿಯಿತು. ನಾನು ಹೊರಟಿದ್ದು ಎಲ್ಲಿಗೆ ಅಂತೀರಿ? ಸರ್ಕಾರಿ ಶಾಲೆಗಳಿಗೆ ಬರುವ ಅನುದಾನದಲ್ಲಿ ಮೊದಲು ಏನಾಗಬೇಕು ಎಂದು ನಮ್ಮಂಥ ಹಳಬರನ್ನು ಕೇಳುವ ಸಭೆಗೆ. ಕಂಪ್ಯೂಟರ್, ಇಂಗ್ಲಿಷು, ಶೌಚಾಲಯ ಎಂದು ಒಂದು ಒಳ್ಳೆಯ ಭಾಷಣವನ್ನು ತಲೆಯಲ್ಲೇ ಕಟ್ಟಿಕೊಂಡಿದ್ದೆ. ಆ ಹುಡುಗಿ ನಿದ್ದೆಯಲ್ಲೇ ಅದನ್ನು ಕೆಡವಿ ಹಾಕಿದಳು.

ನಾನು ಹಳಬನಾದ ಕಥೆ ಹೇಳುತ್ತೇನೆ. ಮಗಳು ನಮ್ಮೂರ ಶಾಲೆಯಲ್ಲಿ ಓದುತ್ತಿದ್ದಾಗ ಪೋಷಕರ ಸಭೆಗೆ ಹೋಗಿದ್ದೆ. ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬರೋಣವೆಂದು ಎದ್ದು ಹೊರಗೆ ಹೋದೆ. ವಾಪಸು ಬರುವಷ್ಟರಲ್ಲಿ ನನ್ನನ್ನು ಎಸ್‌ಡಿಎಂಸಿ ಅಂದರೆ ಶಾಲಾ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿ ಚಪ್ಪಾಳೆ ತಟ್ಟುತ್ತಿದ್ದರು. ಅಂದಿನಿಂದ ಸಭೆಯಲ್ಲಿ ಎಲೆ ಹಾಕುವುದನ್ನು ಬಿಟ್ಟಿದ್ದೇನೆ.

ಹೆಡ್‌ಮಿಸ್ಟ್ರೆಸ್ ಸರೋಜ ಟೀಚರ್ ಕುಶಾಲನಗರದ ಕಡೆಯವರು. ಹಾಸನದಿಂದ ಬಂದು ಅಲ್ಲಿ ಗದ್ದೆ ಮಾಡಿಕೊಂಡ ಮನೆಯ ಮಗಳು. ಮಾತು ಖಾರ, ಕೈ ಧಾರಾಳ. ಅವರ ಸಂಕಟ ಒಂದೇ. ಕಾಫಿ ಹಣ್ಣಾಗುತ್ತಿದ್ದಂತೆ ಶಾಲೆ ಖಾಲಿಯಾಗುತ್ತಿತ್ತು. ತಾಯಂದಿರ ಜೊತೆ ಮಕ್ಕಳೂ ತೋಟಕ್ಕೆ ಹೋಗಿಬಿಡುತ್ತಿದ್ದವು. ಸರಿಯಾಗಿ ಅದೇ ಹೊತ್ತಿಗೆ ಒಬ್ಬ ಅಧಿಕಾರಿ ಬಂದರು, ಖಾಲಿ ಬೆಂಚು ನೋಡಿದರು, ಮುಂದಿನ ವರ್ಷ ಈ ಶಾಲೆಯನ್ನು ದೂರದ ಇನ್ನೊಂದಕ್ಕೆ ಸೇರಿಸುತ್ತೇವೆ ಎಂದು ಹೇಳಿ ಹೋದರು.

ಶಾಲೆ ಉಳಿಸಲು ಸಭೆ ಸೇರಿದೆವು. ಗೇಟಿಗೊಂದು ಕಮಾನು ಬೇಕು ಎಂದರು ಒಬ್ಬರು. ನಾನು ಬಹಳ ಯೋಚಿಸಿ, ಗೋಡೆಗೆಲ್ಲ ರೈಲಿನ ಬೋಗಿಯ ಹಾಗೆ ಬಣ್ಣ ಹೊಡೆಸೋಣ, ಮಕ್ಕಳಿಗೆ ಖುಷಿಯಾಗುತ್ತೆ ಎಂದೆ. ರೈಲೇ ಇಲ್ಲದ ಕೊಡಗಿನಲ್ಲಿ ಇದು ಭಾರಿ ಐಡಿಯಾ ಎಂದು ನನಗನಿಸಿತ್ತು.

“ಮಕ್ಕಳೇ ಇಲ್ದಿರೋ ಸ್ಕೂಲಿಗೆ ರೈಲು ಬಣ್ಣ ಬಳಿದ್ರೆ ಅದೇನು ಹೊರಡುತ್ತಾ ಅಧ್ಯಕ್ಷರೇ?” ಎಂದರು ಟೀಚರ್.

ಮಾರನೆಯ ಬೆಳಗ್ಗೆ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಮುಂದೆ ಎಸ್ಟೇಟಿನ ಪಿಕ್ಕಿಂಗ್ ಜೀಪು. ಹಿಂಭಾಗದಲ್ಲಿ ತಾಯಂದಿರು ಒತ್ತೊತ್ತಾಗಿ ಕೂತಿದ್ದರು. ಅವರ ತೊಡೆಯ ಮೇಲೆ ನಮ್ಮ ಶಾಲೆಯ ಮಕ್ಕಳು, ಯೂನಿಫಾರ್ಮಿನಲ್ಲೇ. ಲೈನುಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಕಾಡಾನೆ ಓಡಾಡುವ ದಾರಿಯಲ್ಲಿ ಮಕ್ಕಳನ್ನಷ್ಟೇ ಆಮೇಲೆ ನಡೆದು ಬನ್ನಿ ಎನ್ನುವ ಹಾಗೂ ಇಲ್ಲ. ಜೀಪು ಶಾಲೆಯ ಗೇಟಿನ ಮುಂದೆಯೇ ಹಾದುಹೋಯಿತು. ಗೇಟಿಗೆ ಬೀಗ. ಮಕ್ಕಳು ನನಗೆ ಟಾಟಾ ಮಾಡಿದವು. ನಾನೂ ಪೆದ್ದನಂತೆ ಟಾಟಾ ಮಾಡಿದೆ. ಸ್ವಲ್ಪ ದೂರ ಹೋದ ಮೇಲೆ ತಲೆಗೆ ಹೊಳೆಯಿತು, ಮಕ್ಕಳು ದಿನಾ ಶಾಲೆಯ ಬಾಗಿಲಿಗೇ ಬರುತ್ತಿವೆ.

ವಿಷಯ ಕೇಳಿದ ಟೀಚರ್ ಮರುದಿನ ಮೊದಲನೇ ಬಸ್ಸಿಗೆ ಬಂದರು. ಬಂದು ರಸ್ತೆಯ ನಡುವೆ ನಿಂತು ಜೀಪಿಗೆ ಕೈ ಅಡ್ಡ ಹಿಡಿದರು.

“ಇಳಿಸಿ ಮಕ್ಕಳನ್ನ.”

“ಒಂಬತ್ತೂವರೆ ಗಂಟ ಯಾರು ನೋಡ್ಕೋತಾರೆ ಟೀಚರ್?” ಎಂದಳು ಒಬ್ಬಳು ತಾಯಿ.

“ಇವತ್ತು ನಾನು. ನಾಳೆಗೆ ಯಾರನ್ನಾದ್ರೂ ಅಧ್ಯಕ್ಷರು ಹುಡುಕ್ತಾರೆ,” ಎಂದು ನನ್ನತ್ತ ತಿರುಗಿಯೂ ನೋಡದೆ ಹೇಳಿದರು.

ಹುಡುಕಿದೆ. ಸರ್ಕಾರದಲ್ಲಿ ಕೇಳಿದರೆ, ಗೋಡೆಗೆ ಬಂದ ದುಡ್ಡು ಗೋಡೆಗೇ ಹೋಗಬೇಕು, ಬಾಗಿಲು ತೆಗೆಯುವ ಮನುಷ್ಯರಿಗೆ ಕೊಡಲು ಬರುವುದಿಲ್ಲ ಎಂದರು. ಕಡೆಗೆ ಎಸ್ಟೇಟಿನ ಯಜಮಾನರೇ ಸಂಬಳ ಕೊಡಲು ಒಪ್ಪಿದರು. ಲೈನಿನ ಲಲಿತಕ್ಕ ಬಂದರು. ಮಂಡಿನೋವಿನಿಂದ ಇಳಿಜಾರಿನ ತೋಟದಲ್ಲಿ ನಿಲ್ಲಲಾಗದ ಹೆಂಗಸು. ಬಾಗಿಲು ತೆಗೆದು, ಉಪ್ಪಿಟ್ಟು ಕೆದಕಿ, ಗಂಟೆ ಹೊಡೆಯುವವರೆಗೆ ಮಕ್ಕಳನ್ನು ಗದರಿಸಿಕೊಂಡು ಕೂರುತ್ತಿದ್ದರು. ಬೆಂಚು ತುಂಬಿತು. ಅಧಿಕಾರಿ ಮತ್ತೆ ಬಂದರು, ಉಪ್ಪಿಟ್ಟು ತಿಂದರು, ಸೇರಿಸುವ ಮಾತು ಎತ್ತಲಿಲ್ಲ. ಕಮಾನೂ ಇಲ್ಲ, ರೈಲೂ ಇಲ್ಲ. ಆ ವರ್ಷದಷ್ಟು ಖುಷಿ ನನಗೆ ಕಾಫಿಗೆ ಒಳ್ಳೆಯ ರೇಟು ಬಂದಾಗಲೂ ಆಗಿಲ್ಲ.

ಈಗ ಎಸ್ಟೇಟು ಕೈ ಬದಲಾಗಿದೆ. ಹೊಸಬರು ಸಂಬಳ ನಿಲ್ಲಿಸಿದ್ದಾರೆ. ಅವರನ್ನು ಬೈದು ಏನು ಪ್ರಯೋಜನ? ಒಬ್ಬರ ದೊಡ್ಡ ಮನಸ್ಸಿನ ಮೇಲೆ ಶಾಲೆ ನಡೆಯಬಾರದು.

ಮಡಿಕೇರಿಯ ಸಭೆಯಲ್ಲಿ ನನ್ನ ಸರದಿ ಬರುವಷ್ಟರಲ್ಲಿ ಸ್ಮಾರ್ಟ್ ಟಿವಿ, ಕಮಾನು, ಕಾಂಪೌಂಡು ಎಂಬ ಬೇಡಿಕೆಗಳೆಲ್ಲ ಮುಗಿದಿದ್ದವು. ನಾನು ಒಂದೇ ಕೇಳಿದೆ. ಪಿಕ್ಕಿಂಗಿನ ತಿಂಗಳುಗಳಲ್ಲಿ ಜೀಪು ಬರುವ ಹೊತ್ತಿಗೆ ಗೇಟು ತೆರೆಯಲು ಪ್ರತಿ ಶಾಲೆಗೆ ಒಬ್ಬರು, ಅವರಿಗೆ ಸರ್ಕಾರದ ಸಂಬಳ. ಟಿವಿ ಆಮೇಲೆ ಬರಲಿ, ನೋಡುವವರು ಒಳಗೆ ಬಂದ ಮೇಲೆ.

“ಒಳ್ಳೇ ಸಲಹೆ,” ಎಂದರು ಮೇಜಿನ ಆಚೆಯ ಅಧಿಕಾರಿ. “ಆದ್ರೆ ಮಕ್ಕಳು ಬಂದೇ ಬರ್ತಾರೆ ಅಂತ ಏನು ಗ್ಯಾರಂಟಿ?”

“ಮಕ್ಕಳು ಆಗ್ಲೇ ಜೀಪಲ್ಲಿದ್ದಾರೆ ಸ್ವಾಮಿ. ಇಳಿಸ್ಕೊಳ್ಳೋರು ಬೇಕು ಅಷ್ಟೆ.”

ಪ್ರಸ್ತಾವನೆ ಕಳಿಸುತ್ತೇನೆ ಎಂದರು. ಕಳಿಸುತ್ತಾರೆ. ಕಳಿಸದಿದ್ದರೆ ನಾನು ಅವರನ್ನು ಬಿಡುವ ಪೈಕಿಯಲ್ಲ. ಅಲ್ಲಿಯತನಕ ನಾನೇ ಗೇಟು ತೆರೆಯುತ್ತೇನೆ ಎಂದು ಈಗಿನ ಹೆಡ್‌ಮಾಸ್ಟರ ಹತ್ತಿರ ಹೋಗಿ ಬೀಗದ ಕೈ ಇಸಿದುಕೊಂಡೆ. ಉಪ್ಪಿಟ್ಟು ಮಾಡಲು ಬರುತ್ತದೆಯೇ ಎಂದು ಹೆಂಡತಿ ನಕ್ಕಳು.

ಇವತ್ತು ಬೆಳಗ್ಗೆ ಗೇಟು ತೆರೆದು ರಸ್ತೆಗೆ ಬಂದು ನಿಂತೆ. ಚಳಿ. ಜೀಪು ಬಂತು. ನಾನು ಕೈ ಎತ್ತುವ ಮೊದಲೇ ಡ್ರೈವರು ಬ್ರೇಕ್ ಹಾಕಿದ. ಬಸ್ಸಿನ ಆ ಹುಡುಗಿ ಮೊದಲು ಇಳಿದಳು, ನನ್ನ ಕಡೆ ಒಮ್ಮೆ ನೋಡಿದಳು, ಒಳಗೆ ನಡೆದಳು.