ಕಾವಲಜ್ಜನ ಕಡಜದ ತೋಟೆಗಳು

ಹೊಲಿಗೆ ಮಷಿನ್ನು ಕಿರುಗುಟ್ಟುತ್ತಿದೆ ಎಂದು ಮೊನ್ನೆ ರಿಪೇರಿಯವನನ್ನು ಕರೆಸಿದ್ದೆ. ಅವನು ಮೂತಿ ಚೂಪಾದ ಪುಟ್ಟ ಡಬ್ಬಿಯಿಂದ ಒಂದೊಂದು ತೂತಿಗೂ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದ. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಮ್ಮೆದೊಡ್ಡಿ ಕಡೆಯ ಒಂದು ಹಳ್ಳಿಯ ಜಗಲಿಯಲ್ಲಿ ಕೂತಿದ್ದೆ. ಎದುರಿಗೆ ಕಾವಲಜ್ಜ. ತೊಡೆಯ ಮೇಲೆ ಅಡ್ಡಲಾಗಿ ರೈಫಲ್ಲು. “ಎರಡೇ ಎರಡು ತೊಟ್ಟು ಬಿಡು ಮೇಷ್ಟ್ರಮ್ಮ, ಜಾಸ್ತಿ ಹಾಕಿದ್ರೆ ಧೂಳು ಕಚ್ಕತದೆ” ಎನ್ನುತ್ತಾ ಹಳೇ ಬಟ್ಟೆಯ ತುಂಡನ್ನು ಮುಂದೆ ಹಿಡಿಯುತ್ತಿದ್ದ...

ಎಪ್ಪತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ನಮ್ಮ ಯಜಮಾನರಿಗೆ ಆ ಊರಿನ ಶಾಲೆಗೆ ವರ್ಗವಾಗಿತ್ತು. ನಮ್ಮ ಬಾಡಿಗೆ ಮನೆಗೂ ಅಜ್ಜನ ಮನೆಗೂ ನಡುವೆ ಒಂದೇ ಗೋಡೆ. ಅಮೃತಮಹಲ್ ಕಾವಲಿನ ಹುಲ್ಲುಗಾವಲಲ್ಲಿ ಸರ್ಕಾರಿ ದನ ಕಾದು ಕಾದೂ ಮುದುಕನಾದವನು. ಅದಕ್ಕೇ ಊರೆಲ್ಲ ಕಾವಲಜ್ಜ ಎನ್ನುತ್ತಿತ್ತು. ಹೆಂಡತಿ ತೀರಿಹೋಗಿದ್ದಳು. ಒಬ್ಬಳೇ ಮಗಳನ್ನು ತರೀಕೆರೆಗೆ ಕೊಟ್ಟಿದ್ದ. ಉಳಿದದ್ದು ಅವನು, ಒಂದು ಬೂದು ಹಸು, ಗೂಟಕ್ಕೆ ತಗುಲಿಹಾಕಿದ ಆ ರೈಫಲ್ಲು.

ನಮ್ಮದೋ ಲಿಂಗ ಕಟ್ಟಿದ ಮನೆತನ. ಕೋವಿ ಎಂದರೆ ಮೂಗು ಮುರಿಯುವವರು. ಮೊದಮೊದಲು ನಾನೂ ಸೆರಗು ಮುಚ್ಚಿಕೊಂಡು ಅತ್ತ ಹಾದುಹೋಗುತ್ತಿದ್ದೆ. ಆಮೇಲೆ ಈ ಎಣ್ಣೆಯ ನೆಪದಲ್ಲಿ ಮಾತು ಶುರುವಾಯಿತು. ನಾನು ಎಣ್ಣೆ ಕೊಡುವುದು, ಅವನು ಗಿಣ್ಣು ಹಾಲು ಕೊಡುವುದು. ಅಜ್ಜ ಕೊಂದದ್ದನ್ನು ತಿನ್ನುವ ಬೇಟೆಗಾರನಾಗಿರಲಿಲ್ಲ. ಹುಟ್ಟಿದ ಕರುವಿನ ಮೈ ಇನ್ನೂ ಹಸಿಯಾಗಿರುವಾಗಲೇ ಎಳೆದುಕೊಂಡು ಹೋಗುವ ನರಿಗಳಷ್ಟೇ ಅವನ ಪಾಲಿನ ವೈರಿಗಳು.

ಅವನ ಹೆಮ್ಮೆಯೆಲ್ಲ ರೈಫಲ್ಲಿಗಿಂತ ಅದರ ತೋಟೆಯ ಮೇಲೆ. ಹಿಂದೆ ಕಾವಲಿನಲ್ಲಿದ್ದ ಒಬ್ಬ ಸಾಹೇಬರು ಊರು ಬಿಡುವಾಗ ರೈಫಲ್ಲನ್ನೂ ಎರಡು ಡಬ್ಬಿ ತೋಟೆಗಳನ್ನೂ ಇವನ ಹೆಸರಿಗೆ ಮಾಡಿಕೊಟ್ಟು ಹೋಗಿದ್ದರಂತೆ. ತೋಟೆಯ ಇಂಗ್ಲಿಷ್ ಹೆಸರು ಹಾರ್ನೆಟ್. ಹಾಗೆಂದರೆ ಕಡಜ ಎಂದು ಸಾಹೇಬರೇ ಹೇಳಿದ್ದರಿಂದ ಅಜ್ಜನ ಬಾಯಲ್ಲಿ ಅದು ಕಡಜದ ತೋಟೆಯೇ. ಕಿರುಬೆರಳಿಗಿಂತ ಚಿಕ್ಕದು. ಹಿತ್ತಾಳೆಯ ಮೈ, ಮೇಲೆ ಕೊರಳು ಸಣ್ಣಗಾಗಿ ತುದಿಯಲ್ಲೊಂದು ಜೋಳದ ಕಾಳಿನಂಥ ಗುಂಡು. ನಾನು ಮೊದಲ ಸಲ ನೋಡಿದಾಗ ನಕ್ಕುಬಿಟ್ಟಿದ್ದೆ. “ಇದ್ರಿಂದ ಇಲಿ ಸತ್ರೆ ಹೆಚ್ಚು ಕಣಜ್ಜ” ಎಂದಿದ್ದೆ.

ಅಜ್ಜನಿಗೆ ಕೋಪ ಬರಲಿಲ್ಲ. “ಗೌಡ್ರ ಮನೇ ಜೋಡುನಳಿಗೆ ಕೋವಿ ಕೇಳಿದೀಯಾ? ಢಂ ಅಂದ್ರೆ ಗಬ್ಬದ ಹಸ ಕಂದು ಹಾಕ್ತದೆ, ಕರ ಹಗ್ಗ ಕಿತ್ಕಂಡು ಓಡ್ತವೆ. ಇದು ಚಟ್ ಅಂತದೆ ಅಷ್ಟೇ, ಒಣಕಡ್ಡಿ ಮುರ್ದಂಗೆ. ಅರವತ್ತು ಮಾರು ದೂರದ ನರಿ ಕೂತಲ್ಲೇ ಕೂತ್ಬಿಡ್ತದೆ. ತಪ್ಪಿ ನೆಲಕ್ಕೆ ಬಿತ್ತು ಅನ್ನು, ಅಲ್ಲೇ ಪುಡಿ! ಕಲ್ಲಿಗೆ ಬಡ್ದು ಹಾರ್ಕಂಡೋಗಿ ಇನ್ಯಾರ್ದೋ ಎತ್ತಿಗೆ ತಗಲಲ್ಲ. ದನದ ನಡುವೆ ಹೊಡೆಯೋನಿಗೆ ದೇವ್ರು ಕೊಟ್ಟಿದ್ದು ಕಣವ್ವ ಇದು.”

ಅದನ್ನು ಅವನು ಖರ್ಚು ಮಾಡುತ್ತಿದ್ದ ರೀತಿಯೂ ಹಾಗೇ. ನರಿ ಕಂಡ ತಕ್ಷಣ ಹೊಡೆಯುತ್ತಿರಲಿಲ್ಲ. ಮೂರು ದಿನ ಅದರ ಹಾದಿ ನೋಡಬೇಕು, ಅದು ಕರುವಿನ ರುಚಿ ಕಂಡ ನರಿಯೋ ಸುಮ್ಮನೆ ಏಡಿ, ಇಲಿ ತಿಂದುಕೊಂಡಿರುವ ಬಡಪಾಯಿಯೋ ತಿಳಿಯಬೇಕು, ಆಮೇಲೆ ಒಂದು ತೋಟೆ. ವರ್ಷಕ್ಕೆ ಎರಡೋ ಮೂರೋ. ಹೊಸದು ಸಿಗುತ್ತಿರಲಿಲ್ಲ. ನಮ್ಮ ಯಜಮಾನರ ಕೈಯಲ್ಲಿ ಬೆಂಗಳೂರಿನ ಅಂಗಡಿಗೆ ಎರಡು ಸಲ ಕಾಗದ ಬರೆಸಿದ್ದ. ಆ ಮಾಲು ಈಗ ಬರುವುದಿಲ್ಲ ಎಂದು ಎರಡು ಸಲವೂ ಉತ್ತರ ಬಂತು. ನಾನು ಆ ಊರಿಗೆ ಹೋದಾಗ ತಗಡಿನ ಡಬ್ಬಿಯಲ್ಲಿ ಆರು ತೋಟೆ ಉಳಿದಿದ್ದವು. ಊರಿನಲ್ಲಿ ಯಾರ ಹಸು ಈಯುವ ಹಾಗಿದ್ದರೂ ಮೊದಲು ಅಜ್ಜನಿಗೆ ಹೇಳಿಹೋಗುತ್ತಿದ್ದರು. ಅವನು ಕಾವಲಿನ ಅಂಚಿನಲ್ಲಿ ಕೂತಿದ್ದಾನೆ ಎಂದರೆ ಕರು ಉಳಿಯಿತು ಎಂದೇ ಲೆಕ್ಕ.

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ಪಕ್ಕದ ಹಟ್ಟಿಯಲ್ಲಿ ಯಾರದೋ ಹಸು ಈಯಲಾರದೆ ಒದ್ದಾಡುತ್ತಿದೆ ಎಂದು ಅಜ್ಜನನ್ನು ಕರೆದೊಯ್ದರು. ಹೋಗುವಾಗ, “ಕತ್ತಿ, ಕುಡ್ಲು, ಹಸೀನ ಗಂಟೆ ಒಸಿ ಬೆಳಗಿಡವ್ವ. ರೈಫಲ್ ಮಾತ್ರ ಮುಟ್ಬೇಡ, ನಾನೇ ಬಂದು ಒರೆಸ್ಕತೀನಿ” ಎಂದು ಹೇಳಿಹೋದ. ತೋಟೆಯ ಮಾತು ಎತ್ತಲಿಲ್ಲ. ಅದನ್ನೂ ಯಾರಾದರೂ ತೊಳೆಯುತ್ತಾರೆ ಎಂದು ಪಾಪ ಅವನಿಗೆ ಹೇಗೆ ಹೊಳೆಯಬೇಕು?

ನನಗೆ ಹೊಳೆಯಿತು! ಹಬ್ಬದ ದಿನ ಮನೆಯ ಹಿತ್ತಾಳೆಯೆಲ್ಲ ಫಳಫಳ ಎನ್ನುವಾಗ ಆ ಆರು ತೋಟೆಗಳು ಮಾತ್ರ ಕಪ್ಪಿಟ್ಟುಕೊಂಡು ಕೂತಿದ್ದವು. ನಮ್ಮ ಚೊಂಬು, ಗಂಗಾಳ, ದೀಪದ ಕಂಬಗಳ ಜೊತೆ ಅವನ್ನೂ ಹುಣಸೆಹಣ್ಣಿನ ನೀರಿಗೆ ಹಾಕಿದೆ. ಅಡುಗೆ ಮುಗಿಯುವವರೆಗೆ ನೆನೆದವು. ಆಮೇಲೆ ಬೂದಿ ಹಾಕಿ ತಿಕ್ಕಿ, ತೊಳೆದು, ಬಿಸಿಲಿಗಿಟ್ಟು ಒಣಗಿಸಿದೆ. ಚಿನ್ನದ ಹಾಗೆ ಹೊಳೆದವು ನೋಡಿ. ಒಂದೊಂದಕ್ಕೂ ವಿಭೂತಿ ಎಳೆದು ಕುಂಕುಮದ ಬೊಟ್ಟಿಟ್ಟು ಸಾಲಾಗಿ ನಿಲ್ಲಿಸಿದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮಧ್ಯಾಹ್ನ ಅಜ್ಜ ಬಂದ. ನೋಡಿದವನೇ ಬಾಗಿಲಲ್ಲೇ ನಿಂತ. ಮುಖ ಮೊದಲು ಅರಳಿತು, ಆಮೇಲೆ ಅಳುಕಿತು. “ಎಷ್ಟ್ ಚೆಂದಾಗೈತವ್ವ... ಒಣಬಟ್ಟೇಲಿ ತಾನೇ? ನೀರು ಗೀರು ಸೋಕಿಸ್ಲಿಲ್ಲ ತಾನೇ?”

ಆ ದನಿಯಲ್ಲೇ ನನಗೆ ಗೊತ್ತಾಗಿಹೋಯಿತು, ಏನೋ ಅನಾಹುತ ಮಾಡಿದ್ದೇನೆ ಎಂದು. ಹಬ್ಬದ ದಿನ ಬೈಸಿಕೊಳ್ಳುವ ಭಯ. ಮೇಷ್ಟ್ರ ಹೆಂಡತಿ ಎಂಬ ದೊಡ್ಡಸ್ತಿಕೆ ಬೇರೆ. “ಇಲ್ಲಜ್ಜ, ಬಟ್ಟೇಲಿ ಉಜ್ಜಿದೆ ಅಷ್ಟೇ” ಎಂದುಬಿಟ್ಟೆ. ಅವನು ನಂಬಿದ. ನನ್ನ ತಲೆ ಮುಟ್ಟಿ ಹರಸಿದ. ನಿಜ ಹೇಳಿದ್ದರೆ ಒಳಗಿನ ಮದ್ದು ನೆನೆದಿದೆಯೇನೋ ಎಂದು ಒಂದನ್ನು ಹೊಡೆದು ನೋಡುತ್ತಿದ್ದ, ಕೆಟ್ಟಿದೆ ಎಂದು ತಿಳಿದಿದ್ದರೆ ಅದನ್ನು ನೆಚ್ಚಿಕೊಂಡು ಹೋಗುತ್ತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನ್ನ ಕಥೆಯೂ ಅಷ್ಟೇ.

ಕಾರ್ತಿಕದ ಒಂದು ಹಗಲು, ಊಟದ ಹೊತ್ತು ಕಳೆದಿತ್ತು. “ಹುಚ್ಚುನರಿ ಬಂತು, ಹುಚ್ಚುನರಿ!” ಎಂದು ಕಾವಲಿನ ಕಡೆಯಿಂದ ಹೆಂಗಸರು ಕೂಗಿಕೊಂಡು ಓಡಿಬಂದರು. ಅಜ್ಜ ರೈಫಲ್ಲನ್ನೂ ಡಬ್ಬಿಯನ್ನೂ ಎತ್ತಿಕೊಂಡು ಓಡಿದ. ಹಿಂದೆಯೇ ಊರು, ಊರಿನ ಜೊತೆ ನಾನು. ನರಿ ಬಾಯಲ್ಲಿ ಜೊಲ್ಲು ಸುರಿಸುತ್ತಾ ವಾಲಾಡಿಕೊಂಡು, ಮೇಯಲು ಕಟ್ಟಿದ್ದ ಅಜ್ಜನ ಹಸುವಿನ ಕಡೆಗೇ ಹೋಗುತ್ತಿತ್ತು. ಗಂಡಸರು ದೊಣ್ಣೆ ಹಿಡಿದು ಮುನ್ನುಗ್ಗಿದರು. “ಯಾರೂ ಅಡ್ಡ ಬರ್ಬೇಡ್ರಲೇ, ನಾನ್ ನೋಡ್ಕತೀನಿ” ಎಂದು ಅಜ್ಜ ಅವರನ್ನು ತಡೆದು, ಮಂಡಿಯೂರಿ ಗುರಿ ಹಿಡಿದ. ಅವನ ಮಾತಿನ ಮೇಲೆ ಎಲ್ಲರೂ ನಿಂತರು.

ಟಕ್ ಎಂದಿತು. ಅಷ್ಟೇ. ಅವನು ಅದನ್ನು ತೆಗೆದು ಇನ್ನೊಂದು ತುಂಬಿದ. ಮತ್ತೆ ಟಕ್. ಮೂರನೆಯದು ತುಂಬುವಷ್ಟರಲ್ಲಿ ನರಿ ಹಸುವಿನ ಮೂತಿಗೆ ಬಾಯಿ ಹಾಕಿತ್ತು. ಗಂಡಸರು ನುಗ್ಗಿ ನರಿಯನ್ನು ಬಡಿದು ಕೆಡವಿದರು. ಅದು ಸತ್ತ ಮೇಲೂ ಅಜ್ಜ ಮಂಡಿಯೂರಿದ ಹಾಗೇ ಮೂರನೆಯದು, ನಾಲ್ಕನೆಯದು, ಐದನೆಯದು, ಆರನೆಯದು ಎಂದು ಒಂದೊಂದನ್ನೇ ಆಕಾಶದತ್ತ ಹೊಡೆದು ನೋಡಿದ. ಒಂದೂ ಹಾರಲಿಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅಂಗೈಯಲ್ಲಿ ಆರನ್ನೂ ಹಿಡಿದುಕೊಂಡು ನನ್ನ ಕಡೆ ನೋಡಿ, “ಎಲ್ಲಾ ಸತ್ತೋಗವೆ ಕಣವ್ವ” ಎಂದ.

ಕಡೂರಿನಿಂದ ದನದ ಡಾಕ್ಟರು ಬಂದು ಸೂಜಿ ಹಾಕಿದರು, ಹಿಡಿಯಲಿಲ್ಲ. ತಿಂಗಳಾಗುವಷ್ಟರಲ್ಲಿ ಹಸು ನೀರು ಕುಡಿಯುವುದನ್ನು ಬಿಟ್ಟಿತು, ಜೊಲ್ಲು ಸುರಿಸಿತು. ಎರಡು ಹಗಲು ಗಂಟಲು ಹರಿಯುವ ಹಾಗೆ ಅರಚಿತು. ನಡುವೆ ಇದ್ದದ್ದು ಒಂದೇ ಗೋಡೆ. ನಾನು ಕಿವಿಗೆ ಸೆರಗು ತುರುಕಿಕೊಂಡು ಕೂತೆ. “ಒಂದೇ ಒಂದು ತೋಟೆ ನೆಟ್ಟಗಿದ್ದಿದ್ರೆ ಇದ್ರ ಸಂಕಟ ನಿಲ್ಲಿಸ್ತಿದ್ದೆ” ಎಂದು ಅಜ್ಜ ಜಗಲಿಯಲ್ಲಿ ಹೇಳಿಕೊಳ್ಳುತ್ತಿದ್ದ. ಹಸು ಹೋದ ಮರುವಾರ ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕಡೂರಿನ ಠಾಣೆಗೆ ಒಪ್ಪಿಸಿ ಬಂದ. ಅದಾದ ಮೇಲೆ ಹಸು ಈಯುವುದಿದ್ದರೆ ಜನ ಗೌಡರ ಮನೆಗೆ ಹೇಳಿಹೋಗತೊಡಗಿದರು. ಪಡ್ಡೆ ಹುಡುಗರು “ಏನಜ್ಜ, ಕಡಜದ ಮುಳ್ಳು ಉದುರೋಯ್ತಾ?” ಎಂದು ಛೇಡಿಸಿದರೆ ಅಜ್ಜ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಆ ತಗ್ಗಿದ ತಲೆ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಯಜಮಾನರಿಗೆ ಹೇಳಿದೆ. “ಈಗ ಹೇಳಿ ಏನಾಗ್ಬೇಕಾಗಿದೆ, ಸುಮ್ನಿರು” ಎಂದರು. ಸುಮ್ಮನಿರುವುದು ನನಗೂ ಅನುಕೂಲವಾಗಿತ್ತು, ಅವರ ಮೇಲೆ ತಪ್ಪು ಹೊರಿಸಲಾರೆ. ದಿನಾ ನಾಳೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ನಮಗೆ ಅಜ್ಜಂಪುರಕ್ಕೆ ವರ್ಗವಾಯಿತು. ಗಾಡಿ ಹೊರಡುವಾಗ ಅಜ್ಜ ಬಂದು ಹೊಲಿಗೆ ಮಷಿನ್ನಿಗೆ ತಾನೇ ಹಗ್ಗ ಬಿಗಿದುಕೊಟ್ಟ...

ಐದಾರು ವರ್ಷ ಕಳೆದ ಮೇಲೆ, ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಅಜ್ಜನ ಮಗಳು ಸಿಕ್ಕಳು. ನಾನು ಗುರುತು ಹಿಡಿಯಲಿಲ್ಲ, ಅವಳೇ ಬಂದು ಕೈ ಹಿಡಿದಳು. ಅಜ್ಜ ಕೊನೆಗಾಲದಲ್ಲಿ ಅವಳ ಮನೆಯಲ್ಲೇ ಇದ್ದು ತೀರಿಕೊಂಡನಂತೆ. “ನಿಮ್ಮನ್ನ ಬಾಳ ನೆನೆಸ್ಕತಿದ್ರು ಕಣ್ರೀ. ‘ಮೇಷ್ಟ್ರಮ್ಮ ಚಿನ್ನದಂಗೆ ಉಜ್ಜಿಕೊಟ್ಟಿದ್ಲು, ನಾನೇ ಎಲ್ಲೋ ತ್ಯಾವದಲ್ಲಿಟ್ಟು ಹಾಳ್ಮಾಡ್ದೆ. ಹಸೀನ ನಾನೇ ಕೊಂದೆ’ ಅಂತ ಸಾಯೋಗಂಟ ಅದೊಂದೇ ಮಾತು” ಎಂದಳು.

ಆಗಲಾದರೂ ಹೇಳಬಹುದಿತ್ತು. ಅವಳ ಕೈ ನನ್ನ ಕೈಯಲ್ಲೇ ಇತ್ತು. ನಾನು, “ಅಜ್ಜಂಪುರದ ಬಸ್ಸು ಎಷ್ಟೊತ್ತಿಗೆ ಬರುತ್ತೆ?” ಎಂದು ಕೇಳಿದೆ. ಪಾಪ, ಅವಳೇ ಓಡಿಹೋಗಿ ವಿಚಾರಿಸಿಕೊಂಡು ಬಂದಳು.

ಆ ಮಗಳೂ ಈಗಿಲ್ಲ. ಯಜಮಾನರೂ ಇಲ್ಲ. ಬೈಯಬೇಕಾದವರೆಲ್ಲ ಹೋದ ಮೇಲೆ ನನಗೆ ಧೈರ್ಯ ಬಂದಿದೆ, ಎಂಥ ಧೈರ್ಯವೋ! ಆದರೂ ಹೇಳುತ್ತೇನೆ. ಅಜ್ಜ, ನೀನು ತೇವದಲ್ಲಿ ಇಟ್ಟಿರಲಿಲ್ಲ. ನಾನು ನೀರಿಗೆ ಹಾಕಿದ್ದೆ. ನೀನು ಕೇಳಿದೆ, ನಾನು ಇಲ್ಲ ಎಂದೆ.